‘ಮೂರು ವರ್ಷದಲ್ಲಿ ಶೇ 90’ ಆಗುವ ಮಾತೇ? ಚಿಂಚೋಳಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನವನು, ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯ ಸ್ಥಾನಕ್ಕೆ ಇಳಿದ ಮೇಲೆ ನಾವು ಕೆಲವು ಯುವಕರು ಕೂಡಿ ಬೇಡಿಕೆ ಪತ್ರವೊಂದನ್ನು ಸಿದ್ಧಪಡಿಸಿದ್ದೇವೆ. ಮೂರು ವರ್ಷದಲ್ಲಿ ಫಲಿತಾಂಶ ಶೇ 90ಕ್ಕೆ ಏರಬೇಕು. ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಕಾನೂನು ಆಗಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅಡಿ ಒಂದೇ ವರ್ಷದಲ್ಲಿ ಎಲ್ಲ ಖಾಲಿ ಹುದ್ದೆಗಳನ್ನು ಸ್ಥಳೀಯರಿಂದ ತುಂಬಬೇಕು. ಸಣ್ಣ ಶಾಲೆಗಳನ್ನು ಕೂಡಿಸಿ ಪಂಚಾಯಿತಿಗೊಂದು ದೊಡ್ಡ ಶಾಲೆ ಮಾಡಬೇಕು. ಇದಕ್ಕೆಲ್ಲ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಬೇಕು. ನಿವೃತ್ತ ಶಿಕ್ಷಕರಾದ ನಮ್ಮ ಕಾಕಾ ‘ಇದು ಆಕಾಶಕ್ಕೆ ಏಣಿ ಹಾಕುವ ಕೆಲಸ, ನಮ್ಮ ಕಡೆ ಆಗದ ಮಾತು’ ಎನ್ನುತ್ತಾರೆ. ಊರಿಗೆ ಬಂದಿದ್ದ ಮುಖಂಡರೊಬ್ಬರು ‘ಮನಸ್ಸಿದ್ದರೆ ಎಲ್ಲವೂ ಆಗುತ್ತದೆ’ ಎಂದು ಹೇಳಿಹೋದರು. ಕಡಿಮೆ ಕೇಳಿದರೆ ಏನೂ ಸಿಗುವುದಿಲ್ಲವೇನೋ, ಹೆಚ್ಚು ಕೇಳಿದರೆ ಪತ್ರವನ್ನೇ ಬದಿಗಿಡುತ್ತಾರೇನೋ ಎಂಬ ಆತಂಕ ನಮ್ಮದು. ಯಾವುದು ಆಗುವ ಕೆಲಸ, ಯಾವುದು ಆಗದ ಕೆಲಸ ಎಂದು ತಿಳಿಯುವುದು ಹೇಗೆ ಸರ್? ಶಾಸಕರ ಮುಂದೆ ಯಾವುದನ್ನು ಇಡಬೇಕು?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಶಿಕ್ಷಣ ಇಲಾಖೆಯ ಯೋಜನಾ ವಿಭಾಗದಲ್ಲಿ ನೌಕರಿಯ ಬಹುಪಾಲು ಕಳೆದವನು ನಾನು. ಇಂಥ ಬೇಡಿಕೆ ಪತ್ರಗಳು ನನ್ನ ಮೇಜಿಗೆ ಬರುತ್ತಿದ್ದವು. ಕೆಲವು ಕ್ರಿಯಾ ಯೋಜನೆಯೊಳಗೆ ಸೇರಿ ಅನುದಾನ ಪಡೆದವು, ಉಳಿದವು ‘ಪರಿಶೀಲಿಸಿ ಕ್ರಮ ಕೈಗೊಳ್ಳುವುದು’ ಎಂಬ ಷರಾ ಹೊತ್ತು ಕಡತದೊಳಗೆ ಮಲಗಿದವು. ಕೈಗೂಡಿದ ಬೇಡಿಕೆಗಳೆಲ್ಲ ಚಿಕ್ಕವಾಗಿರಲಿಲ್ಲ, ಬಿದ್ದುಹೋದವೆಲ್ಲ ದೊಡ್ಡವಾಗಿರಲಿಲ್ಲ. ಆದ್ದರಿಂದ ಗಾತ್ರ ನೋಡಿ ಹೆದರಬೇಡಿ.

ನಿಮ್ಮ ಕಾಕಾ ಅವರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಜೀವಮಾನವೆಲ್ಲ ತರಗತಿಯಲ್ಲಿ ನಿಂತವರ ನಿರಾಸೆಗೆ ಕಾರಣಗಳಿರುತ್ತವೆ. ಆದರೆ ‘ನಮ್ಮ ಕಡೆ ಆಗದ ಮಾತು’ ಎನ್ನುವುದನ್ನು ನಮ್ಮ ನೆಲದ ಇತಿಹಾಸವೇ ಒಪ್ಪುವುದಿಲ್ಲ. 371(ಜೆ) ವಿಧಿಯನ್ನೇ ನೋಡಿ. ಒಂದು ಪ್ರದೇಶಕ್ಕಾಗಿ ಸಂವಿಧಾನವನ್ನೇ ತಿದ್ದಿ ಎಂದು ಕೇಳುವುದಕ್ಕಿಂತ ದೊಡ್ಡ ಬೇಡಿಕೆ ಯಾವುದಿದ್ದೀತು? ದೆಹಲಿಯಿಂದ ಒಮ್ಮೆ ತಿರಸ್ಕೃತವಾಗಿಯೂ ಬಂದಿತ್ತು. ಆ ಹೋರಾಟದ ಮುಂಚೂಣಿಯಲ್ಲಿದ್ದ ವೈಜನಾಥ ಪಾಟೀಲರು ನಿಮ್ಮದೇ ಚಿಂಚೋಳಿಯನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದವರು. 2012ರ ಕೊನೆಗೆ ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಮಧ್ಯಾಹ್ನದ ಬಿಸಿಯೂಟದ ಕಥೆಯೂ ಹೀಗೆಯೇ ಇದೆ. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದಾಗ ದಿನವೂ ಇಷ್ಟು ಸಾವಿರ ಶಾಲೆಗಳಲ್ಲಿ ಒಲೆ ಹೊತ್ತಿಸುವುದು ಸಾಧ್ಯವೇ ಎಂದು ತಲೆಯಲ್ಲಾಡಿಸಿದವರು ಬಹಳ ಜನ. 2002ರ ಜೂನ್‌ನಲ್ಲಿ ‘ಅಕ್ಷರ ದಾಸೋಹ’ ಆರಂಭವಾದದ್ದು ಬೆಂಗಳೂರಿನ ಸುತ್ತ ಅಲ್ಲ, ಕಲಬುರಗಿ, ಬೀದರ್, ರಾಯಚೂರು ಸೇರಿದಂತೆ ಉತ್ತರದ ಏಳು ಹಿಂದುಳಿದ ಜಿಲ್ಲೆಗಳಲ್ಲಿ. ರಾಜ್ಯದ ಉಳಿದ ಭಾಗ ನಮ್ಮ ಹಿಂದೆ ಬಂತು.

ಹಾಗೆಂದು ಮುಖಂಡರ ‘ಮನಸ್ಸಿದ್ದರೆ’ ಎಂಬ ಮಾತನ್ನೂ ನಂಬಿ ಕೂರಬೇಡಿ. ಮನಸ್ಸು ಬೇಕು, ಸಂದೇಹವಿಲ್ಲ. ಆದರೆ ಮಂತ್ರಿಗೆ ಮನಸ್ಸಿದ್ದು, ಹಣವೂ ಇದ್ದು, ಕೆಲಸ ಮಾತ್ರ ಆಗದೆ ಉಳಿದ ಯೋಜನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೆ ಅಳೆಯುವುದು ಯಾವುದರಿಂದ? ನನ್ನ ಅನುಭವದಲ್ಲಿ ಒಂದು ಪ್ರಶ್ನೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ: ಈ ಸುಧಾರಣೆ ನಡೆಯಬೇಕಾದರೆ ಎಷ್ಟು ಜನ, ಎಷ್ಟು ದಿನ, ಯಾರೂ ನೋಡದ ಹೊತ್ತಿನಲ್ಲಿ ಇಂದಿಗಿಂತ ಬೇರೆ ರೀತಿ ಕೆಲಸ ಮಾಡಬೇಕು? ಒಮ್ಮೆ ನಿರ್ಧರಿಸಿ, ಒಮ್ಮೆ ಖರ್ಚು ಮಾಡಿ, ಆಮೇಲೆ ಕಣ್ಣಿಗೆ ಕಾಣುವಂತೆ ನಡೆಯುವ ಕೆಲಸ ಎಷ್ಟು ದೊಡ್ಡದಾದರೂ ಆಗುತ್ತದೆ. ಸಾವಿರಾರು ಜನ ಪ್ರತಿದಿನ ತಮ್ಮ ವಿವೇಚನೆಯಿಂದ ಚೆನ್ನಾಗಿ ಮಾಡಬೇಕಾದ ಕೆಲಸ ಕಾಗದದ ಮೇಲೆ ಎಷ್ಟು ಸರಳವಾಗಿ ಕಂಡರೂ ಕಷ್ಟದ್ದು.

ಎರಡು ಉದಾಹರಣೆ ಕೊಡುತ್ತೇನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಆರಂಭವಾಯಿತು. ಅದಕ್ಕೆ ಮೊದಲು ನಕಲು ತಡೆಯುವುದೆಂದರೆ ಪ್ರತಿ ಕೊಠಡಿ ಮೇಲ್ವಿಚಾರಕರೂ ಊರಿನವರ ಒತ್ತಡಕ್ಕೆ ಎದೆಯೊಡ್ಡಿ ನಿಲ್ಲಬೇಕಿತ್ತು. ಕಿಟಕಿಯ ಹೊರಗೆ ನಿಂತ ಅಣ್ಣಂದಿರು, ಗೇಟಿನ ಬಳಿ ನಿಂತ ಹಿರಿಯರು, ‘ಮೇಡಂ, ನಮ್ಮ ಹುಡುಗರನ್ನು ನೋಡಿಕೊಳ್ಳಿ’ ಎಂಬ ಮಾತು. ಪಕ್ಕದೂರಿನಿಂದ ಬಂದ ಶಿಕ್ಷಕಿಯೊಬ್ಬರು ಇದನ್ನು ಒಂಟಿಯಾಗಿ ಎದುರಿಸಬೇಕೆಂದು ನಿರೀಕ್ಷಿಸುವುದೇ ಅನ್ಯಾಯ. ಕ್ಯಾಮೆರಾ ಆ ಭಾರವನ್ನು ಅವರ ಹೆಗಲಿನಿಂದ ಇಳಿಸಿತು. ಫಲಿತಾಂಶ ತಕ್ಷಣ ಕಂಡಿತು: ರಾಜ್ಯದ ಶೇ 83.89 ಒಂದೇ ವರ್ಷದಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೆ. ಯಾದಗಿರಿ ಶೇ 75.49ರಿಂದ ಶೇ 50.59ಕ್ಕೆ ಬಂತು.

ಇನ್ನೊಂದು ‘ನಲಿ–ಕಲಿ’. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಉತ್ಸಾಹಿ ಶಿಕ್ಷಕರೇ ಕೈಯಾರೆ ಕಾರ್ಡುಗಳನ್ನು ಮಾಡಿ, ಮಗುವಿನ ವೇಗಕ್ಕೆ ತಕ್ಕಂತೆ ಕಲಿಸುವ ಪದ್ಧತಿಯನ್ನು ಕಟ್ಟಿದರು. ಅಲ್ಲಿ ಅದು ಜೀವಂತವಾಗಿತ್ತು. ಮುಂದೆ 2009ರ ಹೊತ್ತಿಗೆ ಆದೇಶದ ಮೂಲಕ ರಾಜ್ಯಕ್ಕೆಲ್ಲ ಹಬ್ಬಿತು. ಕಾರ್ಡುಗಳು ಎಲ್ಲ ಶಾಲೆಗೂ ತಲುಪಿದವು. ಆದರೆ ಆ ಕಾರ್ಡನ್ನು ದಿನವೂ ಪ್ರತಿ ಮಗುವಿನ ಮುಂದೆ ಸರಿಯಾಗಿ ಬಳಸುವ ಶ್ರಮ ಆದೇಶದ ಜೊತೆ ಬರಲಿಲ್ಲ. ಕಾರ್ಡುಗಳು ಕಪಾಟಿನಲ್ಲಿ ಭದ್ರವಾಗಿರುವ ಶಾಲೆಗಳನ್ನು ನೀವೂ ನೋಡಿರುತ್ತೀರಿ. ತಪ್ಪು ಪದ್ಧತಿಯದಲ್ಲ. ಕೆಲವೇ ಶಾಲೆಗಳಲ್ಲಿ ಮನಸ್ಸಿನಿಂದ ಆದ ಕೆಲಸವನ್ನು ಸುತ್ತೋಲೆಯಿಂದ ಎಲ್ಲೆಡೆ ಮಾಡಿಸಬಹುದು ಎಂಬ ಲೆಕ್ಕಾಚಾರದ್ದು.

ಈ ಅಳತೆ ಹಿಡಿದು ನಿಮ್ಮ ಪಟ್ಟಿಯನ್ನು ನೋಡೋಣ.

ಶೇ 90ರ ಗುರಿ ನಿಮ್ಮ ಪತ್ರದ ತಲೆಬರಹದಲ್ಲೇ ಇದೆ, ಅದರಿಂದಲೇ ನನಗೆ ಹೆಚ್ಚು ಭಯ. 2025ರಲ್ಲಿ ಕಲಬುರಗಿಯ ಫಲಿತಾಂಶ ಶೇ 42.43, ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಇಷ್ಟು ಅಂತರವನ್ನು ಮೂರು ವರ್ಷದಲ್ಲಿ ದಾಟಬೇಕು ಎನ್ನುತ್ತೀರಿ. ಮೂರು ವರ್ಷದ ನಂತರ ಪರೀಕ್ಷೆ ಬರೆಯುವ ಮಗು ಇಂದು ಏಳನೇ ತರಗತಿಯಲ್ಲಿ ಕುಳಿತಿದೆ. ನಿಮ್ಮೂರ ಶಾಲೆಯಲ್ಲೇ ಕುಳಿತಿದೆ, ಹೋಗಿ ನೋಡಬಹುದು. ಮುಖ್ಯ ಶಿಕ್ಷಕರ ಅನುಮತಿ ಪಡೆದು ಆ ತರಗತಿಗೆ ಹೋಗಿ. ಮಕ್ಕಳಿಗೆ 846ನ್ನು 7ರಿಂದ ಭಾಗಿಸಲು ಹೇಳಿ. ಉತ್ತರ 120, ಶೇಷ 6. ‘12’ ಎಂದು ಬರೆದ ಮಕ್ಕಳು ಎಷ್ಟು ಎಂದು ಎಣಿಸಿ. ಅವರಿಗೆ ಮಗ್ಗಿ ಬರುತ್ತದೆ, ಭಾಗಾಕಾರದ ಹೆಜ್ಜೆಗಳೂ ಬರುತ್ತವೆ, ಆದರೆ ಬಿಡಿ ಸ್ಥಾನದಲ್ಲಿ ಸೊನ್ನೆ ಏಕೆ ಬರೆಯಬೇಕೆಂದು ಯಾರೂ ಕೂತು ಹೇಳಿಕೊಟ್ಟಿಲ್ಲ. ಆಮೇಲೆ ಮೂರನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಸರಳ ಅಕ್ಷರಗಳಲ್ಲಿ ಸಲೀಸಾಗಿ ಸಾಗಿ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುವ ಮಕ್ಕಳು ಸಿಗುತ್ತಾರೆ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಎರಡನೇ ತರಗತಿಯ ಪಠ್ಯ ಓದಲು ಬರುವುದಿಲ್ಲ ಎಂದು ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ‘ಅಸರ್’ ಸಮೀಕ್ಷೆಗಳು ಮತ್ತೆ ಮತ್ತೆ ಹೇಳುತ್ತಿವೆ. ಹತ್ತನೇ ತರಗತಿಯಲ್ಲಿ ಅನುತ್ತೀರ್ಣನೆಂದು ಕಾಣುವ ಮಗು ನಿಜವಾಗಿ ಹಿಂದೆ ಬಿದ್ದದ್ದು ಮೂರನೆಯಲ್ಲೋ ನಾಲ್ಕನೆಯಲ್ಲೋ.

ಈ ಮಕ್ಕಳನ್ನು ಮೂರು ವರ್ಷದಲ್ಲಿ ಮೇಲೆತ್ತಲು ಆಗುವುದೇ ಇಲ್ಲವೇ? ಬಹಳಷ್ಟು ಮಕ್ಕಳನ್ನು ಖಂಡಿತ ಆಗುತ್ತದೆ. ಆದರೆ ಶೇ 90 ಎಂಬ ಸಂಖ್ಯೆಯನ್ನು ಮುಖ್ಯ ಶಿಕ್ಷಕರ ತಲೆಯ ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ದುರ್ಬಲ ಮಗುವನ್ನು ಒಂಬತ್ತನೆಯಲ್ಲೇ ತಡೆಯಬಹುದು. ‘ಹಾಜರಾತಿ ಕಡಿಮೆ’ ಎಂದು ಪರೀಕ್ಷೆಯಿಂದ ಹೊರಗಿಡಬಹುದು. ಹತ್ತನೇ ತರಗತಿಗೆ ರಾತ್ರಿ ಹತ್ತರವರೆಗೆ ತರಬೇತಿ ನಡೆಸುತ್ತ ಆರನೇ ತರಗತಿಯನ್ನು ಮರೆಯಬಹುದು. ಮೇಲಿನವರು ಉತ್ತೀರ್ಣದ ಗೆರೆಯನ್ನೇ ಇಳಿಸಲೂಬಹುದು: 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಉತ್ತೀರ್ಣಕ್ಕೆ ಬೇಕಾದ ಅಂಕವನ್ನು ಶೇ 35ರಿಂದ ಶೇ 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಬದಲಾವಣೆಯಿಂದ ಫಲಿತಾಂಶ ಏರಿದರೆ ನಿಮ್ಮೂರ ಮಗುವಿಗೆ ಭಾಗಾಕಾರ ಬಂತೆಂದು ಅರ್ಥವಲ್ಲ ಎಂಬುದಷ್ಟೇ ನನ್ನ ಮಾತು. ಆದ್ದರಿಂದ ಸಂಖ್ಯೆಯನ್ನು ಗುರಿಯಾಗಿ ಇಡುವ ಮೊದಲು ಆ ಸಂಖ್ಯೆಯನ್ನು ಕಲಿಕೆಯಿಲ್ಲದೆ ಮುಟ್ಟುವ ದಾರಿಗಳು ಎಷ್ಟಿವೆ ಎಂದು ಎಣಿಸಿ. ದಾರಿಗಳು ಹೆಚ್ಚಿದ್ದಷ್ಟೂ ಆ ಗುರಿ ಮಕ್ಕಳಿಗೆ ಅಪಾಯಕಾರಿ.

ಬಡ ಪ್ರದೇಶವೊಂದು ಎದ್ದುನಿಂತ ನಿದರ್ಶನ ಇಲ್ಲವೆಂದಲ್ಲ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ, ನಮ್ಮಂತೆಯೇ ಮಳೆ ಕಡಿಮೆಯಿರುವ ಸೆಅರಾ ರಾಜ್ಯದಲ್ಲಿ, ಸೊಬ್ರಾಲ್ ಎಂಬ ಪಟ್ಟಣವಿದೆ. 2005ರ ರಾಷ್ಟ್ರೀಯ ಶಿಕ್ಷಣ ಸೂಚ್ಯಂಕದಲ್ಲಿ ಅದರ ಸ್ಥಾನ 1,366. 2017ರ ಹೊತ್ತಿಗೆ ಅದು ದೇಶಕ್ಕೇ ಮೊದಲು. ಈ ಕಥೆಯನ್ನು ನೀವು ಧೈರ್ಯವಾಗಿ ಶಾಸಕರಿಗೆ ಹೇಳಿ. ಆದರೆ ಪೂರ್ತಿ ಹೇಳಿ: ಅವರು ಆರಂಭಿಸಿದ್ದು 2001ರ ಸುಮಾರಿಗೆ, ಚಿಕ್ಕ ಮಕ್ಕಳಲ್ಲಿ ಎಷ್ಟು ಜನರಿಗೆ ಓದಲು ಬರುತ್ತದೆ ಎಂದು ಒಂದೊಂದು ಮಗುವನ್ನೂ ಓದಿಸಿ ನೋಡುವುದರಿಂದ. ಹತ್ತನೇ ತರಗತಿಯಿಂದ ಅಲ್ಲ. ಶಾಲಾ ಮುಖ್ಯಸ್ಥರನ್ನು ರಾಜಕೀಯ ಶಿಫಾರಸು ಬಿಟ್ಟು ಅರ್ಹತೆಯ ಮೇಲೆ ಆರಿಸಿದರು. ಹದಿನೈದು ವರ್ಷ ಅದೇ ದಾರಿಯಲ್ಲಿ ನಡೆದರು.

ನೌಕರರ ಮಕ್ಕಳ ಕಾನೂನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈ ಬೇಡಿಕೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ದೇಶ ಒಮ್ಮೆ ನೋಡಿಯಾಗಿದೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶಕ್ಕೆ ಇಂಥದ್ದೇ ನಿರ್ದೇಶನ ಕೊಟ್ಟಿತ್ತು. ಉಚ್ಚ ನ್ಯಾಯಾಲಯದ ಬಲವಿದ್ದೂ ಅದು ಜಾರಿಗೆ ಬರಲಿಲ್ಲ. ಕಾನೂನು ಬರೆಯಬೇಕಾದವರು, ಜಾರಿ ಮಾಡಬೇಕಾದವರು, ಅದರಿಂದ ತೊಂದರೆಗೊಳಗಾಗುವವರು ಎಲ್ಲರೂ ಒಬ್ಬರೇ ಆದಾಗ ಹೀಗಾಗುತ್ತದೆ. ಒಂದು ವೇಳೆ ಜಾರಿಯಾದರೂ ಅಧಿಕಾರಿಗಳ ಮಕ್ಕಳು ಕಲಬುರಗಿ ನಗರದ ನಾಲ್ಕು ಒಳ್ಳೆಯ ಸರ್ಕಾರಿ ಶಾಲೆಗಳಲ್ಲಿ ತುಂಬಿಕೊಳ್ಳುತ್ತಾರೆ, ಚಿಂಚೋಳಿಯ ತಾಂಡಾ ಶಾಲೆಗೆ ಬರುವುದಿಲ್ಲ. ಇದನ್ನು ಪತ್ರದಲ್ಲಿ ಇಟ್ಟರೆ ನಿಮಗೆ ಬೆಂಬಲವಾಗಿ ನಿಲ್ಲಬೇಕಾದ ಶಿಕ್ಷಕರೇ ಮೊದಲ ದಿನ ದೂರವಾಗುತ್ತಾರೆ. ಬಿಟ್ಟುಬಿಡಿ.

ಖಾಲಿ ಹುದ್ದೆಗಳ ವಿಷಯ ಹಾಗಲ್ಲ. ಇದು ನಿಮ್ಮ ಪಟ್ಟಿಯಲ್ಲೇ ಅತ್ಯಂತ ನ್ಯಾಯವಾದ ಬೇಡಿಕೆ. ‘ಒಂದು ವರ್ಷದಲ್ಲಿ’ ಎಂಬ ಎರಡು ಪದಗಳು ಮಾತ್ರ ಅದನ್ನು ಹಾಳುಮಾಡುತ್ತಿವೆ. 371(ಜೆ) ಅಡಿ ಪ್ರಾಥಮಿಕ ಶಾಲಾ ಶಿಕ್ಷಕರಂಥ ‘ಸಿ’ ಗುಂಪಿನ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಶೇ 80 ನಮ್ಮವರಿಗೆ ಮೀಸಲು. ಮೀಸಲಾತಿ ಇದ್ದ ಮಾತ್ರಕ್ಕೆ ನೇಮಕಾತಿ ಬೇಗ ಆಗುವುದಿಲ್ಲ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಹೊರಡಿಸಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಹಣವಿತ್ತು, ಮನಸ್ಸಿತ್ತು. ಮೇ ತಿಂಗಳಲ್ಲಿ ಪರೀಕ್ಷೆಯೂ ಮುಗಿಯಿತು. ಆಯ್ಕೆ ಪಟ್ಟಿ ಸಿದ್ಧವಾದಾಗ ಹದಿನೈದು ಸಾವಿರಕ್ಕೆ ಸಿಕ್ಕವರು 13,363 ಮಂದಿ. ಅಷ್ಟರಲ್ಲಿ ವಿವಾಹಿತ ಮಹಿಳೆಯರ ಜಾತಿ–ಆದಾಯ ಪ್ರಮಾಣಪತ್ರ ತಂದೆಯದಿರಬೇಕೋ ಗಂಡನದಿರಬೇಕೋ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ನೇಮಕಾತಿ ಆದೇಶ ಕೈಗೆ ಬರುವಾಗ 2023 ಮುಗಿಯುತ್ತ ಬಂದಿತ್ತು.

ಆರ್ಥಿಕ ಇಲಾಖೆ ಏಕೆ ಹಿಂದೆಮುಂದೆ ನೋಡುತ್ತದೆ ಎಂಬುದನ್ನೂ ತಿಳಿದಿರಿ. ಇಪ್ಪತ್ತೈದರ ಹರೆಯದಲ್ಲಿ ಸೇರಿದ ಶಿಕ್ಷಕ ಅರವತ್ತಕ್ಕೆ ನಿವೃತ್ತನಾಗುತ್ತಾನೆ. ಒಂದು ಹುದ್ದೆಗೆ ಸಹಮತಿ ಎಂದರೆ ಮೂವತ್ತೈದು ವರ್ಷದ ಸಂಬಳಕ್ಕೆ ಸಹಿ. ಈ ಸಹಿ ಜಿಲ್ಲೆಯಲ್ಲಿ ಬೀಳುವುದಿಲ್ಲ. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೂ ಜಿಲ್ಲೆಯ ಉಪನಿರ್ದೇಶಕ ಡಿಡಿಪಿಐ ಅವರಿಗೂ ಆ ಅಧಿಕಾರವಿಲ್ಲ, ಕಲಬುರಗಿಯಲ್ಲಿರುವ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಯೂ ಪ್ರಸ್ತಾವ ಕಳಿಸಬಹುದು, ಅಷ್ಟೆ. ಯಾವ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯದೆ ಬಿಇಒ ಕಚೇರಿ ಮುಂದೆ ಧರಣಿ ಕೂತು ನಿರಾಶರಾದವರನ್ನು ಕಂಡಿದ್ದೇನೆ, ಅದಕ್ಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಜಿಲ್ಲೆಯ ಮಟ್ಟದಲ್ಲಿ, ಈ ವರ್ಷವೇ, ಆಗಬಹುದಾದ ಕೆಲಸ ಬೇರೆ ಇದೆ. ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ ವೇಳಾಪಟ್ಟಿ ತೂಗುಹಾಕಿರುತ್ತಾರೆ. ಜೂನ್ ತಿಂಗಳಲ್ಲಿ ಅದನ್ನು ಹತ್ತಿರದಿಂದ ನೋಡಿ. ಕನ್ನಡ, ಸಮಾಜ ವಿಜ್ಞಾನದ ಅವಧಿಗಳನ್ನು ಶಾಯಿಯಲ್ಲಿ ಬರೆದಿರುತ್ತಾರೆ. ಗಣಿತದ ಮನೆಗಳು ಪೆನ್ಸಿಲಿನಲ್ಲಿದ್ದರೆ ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ ಎಂದು ಅರ್ಥ. ಆದೇಶ ಬಂದು, ಅರ್ಜಿ ಕರೆದು, ಪಟ್ಟಿ ಮಾಡಿ ಅವರು ತರಗತಿಗೆ ಬರುವಷ್ಟರಲ್ಲಿ ಆಗಸ್ಟ್ ಆಗಿಬಿಡುವುದುಂಟು. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ಗೌರವಧನ, ಅದೂ ತಿಂಗಳುಗಟ್ಟಲೆ ತಡ. ಬೇರೆ ಕೆಲಸ ಸಿಕ್ಕ ದಿನ ಅವರು ಹೊರಡುತ್ತಾರೆ, ಅವರನ್ನು ದೂರುವಂತಿಲ್ಲ. ಹತ್ತನೇ ತರಗತಿಯ ಮಗುವಿಗೆ ಗಣಿತದ ವರ್ಷ ಹತ್ತು ತಿಂಗಳ ಬದಲು ಆರು ತಿಂಗಳಿಗೆ ಇಳಿಯುತ್ತದೆ. ಅತಿಥಿ ಶಿಕ್ಷಕರ ಆಯ್ಕೆಯನ್ನು ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸಿ, ಶಾಲೆ ತೆರೆಯುವ ದಿನ ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಒಬ್ಬರು ಹಾಜರಿರಬೇಕು ಎಂದು ಕೇಳಿ. ಇದು ಚಿಕ್ಕ ಬೇಡಿಕೆಯಂತೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇದು ನಿಮ್ಮ ಐದಕ್ಕಿಂತಲೂ ಹೆಚ್ಚು ಫಲ ಕೊಡುವಂಥದ್ದು. ಅಪಾಯವೂ ಒಂದಿದೆ: ತಾತ್ಕಾಲಿಕ ವ್ಯವಸ್ಥೆ ಸುಸೂತ್ರವಾಗಿ ನಡೆದರೆ ಕಾಯಂ ನೇಮಕಾತಿಯ ಒತ್ತಡ ಕಡಿಮೆಯಾಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಪತ್ರದಲ್ಲಿ, ಬೇರೆ ಬೇರೆ ಅವಧಿ ನಮೂದಿಸಿ ಕೇಳಬೇಕು. ಕಾಯಂ ನೇಮಕಾತಿಗೆ ಎರಡರಿಂದ ಮೂರು ವರ್ಷ ಎಂದು ಬರೆದು, ಪ್ರತಿ ಹಂತ ಯಾವ ತಿಂಗಳು ಮುಗಿಯಬೇಕೆಂದು ಕೇಳಿ. ಆಗ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಶಾಲೆಗಳನ್ನು ಕೂಡಿಸುವ ವಿಚಾರದಲ್ಲಿ ನಿಮ್ಮ ಕಳಕಳಿ ಸರಿಯಾದದ್ದು. ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಯಾವ ಮಗುವಿಗೂ ನ್ಯಾಯ ಸಿಗುವುದಿಲ್ಲ. ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಕಡೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಇದೇ ಯೋಚನೆಯಿಂದ ಬಂದವು. ಆದರೆ ಚಿಂಚೋಳಿಯ ಭೂಗೋಳ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗುಡ್ಡ, ಕಾಡು, ಒಂದರಿಂದೊಂದು ದೂರವಿರುವ ತಾಂಡಾಗಳು. ಶಿಕ್ಷಣ ಹಕ್ಕು ನಿಯಮದಂತೆ ಕಿರಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಪಂಚಾಯಿತಿಗೊಂದೇ ಶಾಲೆಯಾದರೆ ಒಂದನೇ ತರಗತಿಯ ಹುಡುಗಿ ಬಸ್ಸಿಗಾಗಿ ಕಾಯಬೇಕಾಗುತ್ತದೆ. ಬಸ್ಸು ನಿಂತ ತಿಂಗಳು ಹುಡುಗಿಯ ಓದೂ ನಿಲ್ಲುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಕಲಬುರಗಿಯದು ಶೇ 64.85. ಇಂಥ ಕಡೆ ಶಾಲೆಯ ಬಾಗಿಲು ಮುಚ್ಚುವುದು ಬಹಳ ಯೋಚಿಸಿ ಇಡಬೇಕಾದ ಹೆಜ್ಜೆ. ತಪ್ಪಿದರೆ ಹಿಂದೆ ಬರಬಹುದಾದ ಸುಧಾರಣೆಯಲ್ಲಿ ಧೈರ್ಯ ತೋರಿಸಬಹುದು. ಹಿಂದೆ ಬರಲಾಗದ್ದರಲ್ಲಿ ನಿಧಾನವೇ ಸರಿ, ಮುಚ್ಚಿದ ಶಾಲೆ ಮತ್ತೆ ತೆರೆಯುವುದು ಅಪರೂಪ. ಆರನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಮಾತ್ರ, ಅದೂ ಒಂದೆರಡು ಪಂಚಾಯಿತಿಗಳಲ್ಲಿ, ವಾಹನ ವ್ಯವಸ್ಥೆ ಮೊದಲು ಮಾಡಿ, ಹಳೆಯ ಶಾಲೆಯನ್ನು ಎರಡು ವರ್ಷ ಮುಚ್ಚದೆ ನೋಡಿ ಎಂದು ಕೇಳಬಹುದು.

ಇನ್ನು ಮಂಡಳಿಯ ಹಣ. ವರ್ಷಕ್ಕೆ 5,000 ಕೋಟಿ ರೂಪಾಯಿ ಎಂಬುದು ದೊಡ್ಡ ಮೊತ್ತವೆಂದು ಎಲ್ಲರೂ ಭಾವಿಸುತ್ತಾರೆ. ಏಳು ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ ಏಳುನೂರು ಕೋಟಿ ಚಿಲ್ಲರೆ. ಅದರಲ್ಲೇ ರಸ್ತೆ, ನೀರು, ಆಸ್ಪತ್ರೆ, ಶಾಲೆ ಎಲ್ಲವೂ. ಘೋಷಣೆಯಾದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಇವು ಮೂರು ಬೇರೆ ಬೇರೆ ಅಂಕಿಗಳು. ಪತ್ರಿಕೆಯಲ್ಲಿ ನಾವು ಓದುವುದು ಮೊದಲನೆಯದನ್ನು. ಮತ್ತೊಂದು ಮಾತು, ಇಂಥ ಅನುದಾನ ಕಟ್ಟಡಕ್ಕೆ ಸಲೀಸಾಗಿ ಹರಿಯುತ್ತದೆ, ಕಾಯಂ ಸಂಬಳಕ್ಕೆ ಹರಿಯುವುದಿಲ್ಲ. ಕೊಠಡಿ ಕಟ್ಟಿದರೆ ಗುತ್ತಿಗೆದಾರರಿಗೆ ಕೆಲಸ, ಜನಪ್ರತಿನಿಧಿಗೆ ಉದ್ಘಾಟನೆ, ಮಾರ್ಚ್ ಅಂತ್ಯಕ್ಕೆ ಬಳಕೆ ಪ್ರಮಾಣಪತ್ರ ಎಲ್ಲವೂ ಸರಿಹೋಗುತ್ತವೆ. ಆದ್ದರಿಂದ ಮಂಡಳಿಯಿಂದ ಒಂದು ಸಲದ, ಇಲ್ಲವೇ ಅವಧಿ ನಿಗದಿಯಾದ ಖರ್ಚನ್ನು ಕೇಳಿ, ಸಂಬಳವನ್ನು ರಾಜ್ಯ ಬಜೆಟ್‌ನಿಂದಲೇ ಕೇಳಿ.

ಅವಧಿ ನಿಗದಿಯಾದ ಖರ್ಚುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಗುಳೆ. ದೀಪಾವಳಿ ಮುಗಿಯುತ್ತಿದ್ದಂತೆ ನಿಮ್ಮ ತಾಂಡಾಗಳ ಸಂಸಾರಗಳು ಮುಂಬೈ, ಪುಣೆ, ಹೈದರಾಬಾದ್ ಕಡೆ ಹೊರಡುತ್ತವೆ. ಅತ್ತ ಸುರಪುರ, ಶಹಾಪುರದಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕದ ಪುಟಗಳು ಖಾಲಿಯಾಗುತ್ತವೆ. ಆ ಮಕ್ಕಳಿಗೆ ಎಂಥ ಶಿಕ್ಷಕರನ್ನು ನೇಮಿಸಿದರೂ ಪ್ರಯೋಜನವಿಲ್ಲ, ಅವರು ತರಗತಿಯಲ್ಲೇ ಇಲ್ಲ. ತಂದೆತಾಯಿ ಹೋದರೂ ಮಗು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿ ವ್ಯವಸ್ಥೆ ಬೇಕು. ಅದು ತೆರೆಯಬೇಕಾದದ್ದು ಅಕ್ಟೋಬರ್‌ನಲ್ಲಿ. ಮಂಜೂರಾತಿ ಸುತ್ತಾಡಿ ಜನವರಿಯಲ್ಲಿ ತೆರೆದರೆ ಮಕ್ಕಳು ಆಗಲೇ ಇಟ್ಟಿಗೆ ರಾಶಿಯ ಪಕ್ಕದಲ್ಲಿರುತ್ತಾರೆ. ಹುಡುಗಿಯರ ಸುರಕ್ಷತೆ, ರಾತ್ರಿ ಉಳಿಯುವ ಮೇಲ್ವಿಚಾರಕಿ, ಊಟದ ಗುಣಮಟ್ಟ ಇವು ಇದರ ಕಷ್ಟಗಳು. ಒಂದರಲ್ಲಿ ಎಡವಿದರೂ ಪಾಲಕರು ಮರುವರ್ಷ ಮಗುವನ್ನು ಬಿಡುವುದಿಲ್ಲ.

ವಿರೋಧದ ಬಗ್ಗೆಯೂ ಒಂದು ಮಾತು ಸೇರಿಸಬೇಕು. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರಿಂದ ಬಲವಾದ ಆಕ್ಷೇಪ ಬಂತು. ಯೋಜನೆ ನಿಂತೇಹೋಗುತ್ತದೆ ಎಂದುಕೊಂಡವರಿದ್ದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಆಯ್ಕೆ ಇತ್ತು. ಯಾದಗಿರಿಯ ಮಕ್ಕಳ ಬೆಳವಣಿಗೆಯನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ ಅಳೆದ ಅಧ್ಯಯನದಲ್ಲಿ ಪ್ರಯೋಜನ ಸ್ಪಷ್ಟವಾಗಿ ಕಂಡಿತು. ಮರುವರ್ಷ ಇಡೀ ರಾಜ್ಯಕ್ಕೆ ವಿಸ್ತರಣೆಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ ಆರು ದಿನವಾಯಿತು. ವಿರೋಧ ಇದ್ದ ಮಾತ್ರಕ್ಕೆ ಬೇಡಿಕೆ ಅವಾಸ್ತವವಲ್ಲ. ವಿರೋಧಿಸುವವರಿಗೆ ಇನ್ನೊಂದು ದಾರಿ ಇದೆಯೇ, ಫಲವನ್ನು ಅಳೆದು ತೋರಿಸಬಹುದೇ ಎಂದು ಕೇಳಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಶಾಸಕರ ಮುಂದೆ ಏನಿಡಬೇಕು? ಜೂನ್ ಮೊದಲ ದಿನ ಮೂರು ವಿಷಯಗಳಿಗೂ ಅತಿಥಿ ಶಿಕ್ಷಕರು, ಅಕ್ಟೋಬರ್‌ನಲ್ಲಿ ತೆರೆಯುವ ಹಂಗಾಮಿ ವಸತಿ, ಕಾಯಂ ನೇಮಕಾತಿಗೆ ತಿಂಗಳುವಾರು ವೇಳಾಪಟ್ಟಿ. ಇವು ಮೂರೂ ದಿನಾಂಕದೊಂದಿಗೆ ಇರಲಿ, ಆಯಿತೋ ಇಲ್ಲವೋ ಎಂದು ಊರಿನ ಯಾರು ಬೇಕಾದರೂ ಹೋಗಿ ನೋಡುವಂತಿರಲಿ. ಶೇ 90ರ ಜಾಗದಲ್ಲಿ ‘ಇಂದಿನ ಏಳನೇ ತರಗತಿಯ ಪ್ರತಿ ಮಗುವಿಗೂ ಒಂಬತ್ತಕ್ಕೆ ಹೋಗುವ ಮೊದಲು ಸರಾಗ ಓದು ಮತ್ತು ಭಾಗಾಕಾರ’ ಎಂದು ಬರೆಯಿರಿ. ಇದು ನಾನು ಮೇಲೆ ಹೇಳಿದ ಕಷ್ಟದ ವರ್ಗಕ್ಕೇ ಸೇರಿದ್ದು, ಪ್ರತಿ ಶಿಕ್ಷಕರೂ ದಿನವೂ ಮಾಡಬೇಕಾದದ್ದು. ಜಿಲ್ಲೆಗೆಲ್ಲ ಬೇಡ, ಒಪ್ಪಿ ಮುಂದೆ ಬರುವ ಹತ್ತು ಶಾಲೆಗಳಿಂದ ಆರಂಭಿಸಿ. ಅಳೆಯುವ ಕೆಲಸವನ್ನು ಆಯಾ ಶಾಲೆಯವರಿಗೇ ಬಿಡದೆ ಡಯಟ್‌ನವರಿಗೋ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬಿ.ಎಡ್. ವಿದ್ಯಾರ್ಥಿಗಳಿಗೋ ವಹಿಸಿ. ಈ ವರ್ಷ ಹತ್ತನೆಯಲ್ಲಿ ಅನುತ್ತೀರ್ಣರಾದ ಮಕ್ಕಳನ್ನೂ ಮರೆಯಬೇಡಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇರುವುದರಿಂದ ಬೇಸಿಗೆಯಲ್ಲಿ ತಾಲ್ಲೂಕಿಗೆ ನಾಲ್ಕಾರು ಕೇಂದ್ರಗಳಲ್ಲಾದರೂ ಪಾಠ ನಡೆಯಬೇಕೆಂದು ಕೇಳಿ.

ಕಾಕಾ ಅವರನ್ನು ಹೊರಗಿಡಬೇಡಿ. 846ರ ಲೆಕ್ಕವನ್ನು ಏಳನೇ ತರಗತಿಗೆ ಕೊಡುವ ದಿನ ಅವರನ್ನು ಜೊತೆಗೆ ಕರೆದೊಯ್ಯಿರಿ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ನಿಮಗಿಂತ ಬೇಗ ಅವರು ಗುರುತಿಸುತ್ತಾರೆ, ಆ ಟಿಪ್ಪಣಿಯೇ ನಿಮ್ಮ ಪತ್ರದ ಮೊದಲ ಪುಟವಾಗಲಿ.

ಸಮಯವನ್ನೂ ನೋಡಿಕೊಳ್ಳಿ. ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಯ ಕೆಲಸ ಗಾಂಧಿ ಜಯಂತಿಯಿಂದ ಶುರುವಾಗುತ್ತದೆ, ಇಲಾಖೆಗಳು ಬಜೆಟ್ ಪ್ರಸ್ತಾವಗಳನ್ನು ಡಿಸೆಂಬರ್ ಒಳಗೆ ಬಹುಮಟ್ಟಿಗೆ ಸಿದ್ಧಮಾಡಿಕೊಂಡಿರುತ್ತವೆ. ಫೆಬ್ರುವರಿಯಲ್ಲಿ ಕೊಟ್ಟ ಪತ್ರ ಮರುವರ್ಷದ ಕಡತಕ್ಕೆ ಹೋಗುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ನಡಾವಳಿಯ ಪ್ರತಿ ಪಡೆಯಿರಿ, ಅದನ್ನು ಪತ್ರಕ್ಕೆ ಲಗತ್ತಿಸಿ. ಶಾಸಕರಿಗೆ ಒಂದು ಪ್ರತಿ, ಡಿಡಿಪಿಐ ಅವರಿಗೆ ಒಂದು, ಅಪರ ಆಯುಕ್ತರ ಕಚೇರಿಗೆ ಒಂದು, ಮಂಡಳಿಯ ಕಾರ್ಯದರ್ಶಿಯವರಿಗೆ ಒಂದು ಕೊಟ್ಟು ನಾಲ್ಕು ಕಡೆಯೂ ಸ್ವೀಕೃತಿ ಪಡೆಯಿರಿ. ಪ್ರತಿಯೊಬ್ಬರಿಗೂ ಅವರ ಅಧಿಕಾರದಲ್ಲಿರುವ ಬೇಡಿಕೆಯ ಕೆಳಗೆ ಮಾತ್ರ ಗೆರೆ ಎಳೆದಿರಿ.